ವಟ್ರಸುಳಿಯ ಗ್ರಹಚಾರ

ನನ್ನ ಗಂಡನ ಬಾಯಿಂದ 'ಗೊತ್ತಿಲ್ಲ' ಎಂಬ ಒಂದು ಮಾತು ಹೊರಡುವುದಿಲ್ಲ. ದಾರಿ ಕೇಳಿದವರಿಗೆ ತಪ್ಪು ದಾರಿಯನ್ನಾದರೂ ತೋರಿಸಿಯಾರು, ಗೊತ್ತಿಲ್ಲ ಎಂದು ಮಾತ್ರ ಹೇಳಲಾರರು. ಫ್ಯಾನ್ ರಿಪೇರಿ ಅವರ ಕಸುಬು. ಅದರಲ್ಲಿ ಅವರನ್ನು ಮೀರಿಸಿದವರಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಇವರು ಏಣಿ ಹತ್ತಿ ರೆಕ್ಕೆ ಬಿಚ್ಚುವಾಗ ಕೆಳಗೆ ನಿಂತವರು ಏನೇ ಕೇಳಲಿ, ಹೃದಯದ ಆಪರೇಷನ್ನಿನಿಂದ ಹಿಡಿದು ಹಡಗಿನ ಇಂಜಿನ್ನಿನವರೆಗೆ, ಮೇಲಿಂದ ಉತ್ತರ ಬಂದೇ ಬರುತ್ತದೆ. ಏಣಿ ಹತ್ತಿದವರೆಲ್ಲ ಸರ್ವಜ್ಞಾನಿಗಳು ಎಂದು ಇವರಿಗೆ ಯಾರು ಹೇಳಿಕೊಟ್ಟರೋ ನಾನು ಕಾಣೆ. ಈ ಒಂದು ಗುಣದಿಂದ ನಾನು ಬೀದಿಯವರ ಪಾಲಿಗೆ ಜ್ಯೋತಿಷಿಯಾದೆ, ಕಚೇರಿಯ ಕಡತದಲ್ಲಿ ಆಕಾಶದ ಪಂಡಿತೆಯಾದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಹೇಳಿಬಿಡುತ್ತೇನೆ.

ನಾನು ಒಂದು ಶಾಲೆಯ ಶಿಶುವಿಹಾರದಲ್ಲಿ ಆಯಾ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಅದಲು ಬದಲಾದ ಶೂಗಳನ್ನು ಸರಿಯಾದ ಕಾಲಿಗೆ ಹಾಕುವುದು ನನ್ನ ಕೆಲಸ. ಮಿಸ್ಸು ಫೋನಿನಲ್ಲಿ ಮಾತಾಡಲು ವರಾಂಡಕ್ಕೆ ಹೋದಾಗ ಮಕ್ಕಳಿಗೆ ಅಕ್ಷರ ತಿದ್ದಿಸುವುದೂ ನನ್ನ ಕೆಲಸವೇ. ಮಿಸ್ಸಿನ ಫೋನು ಬಹಳ ಉದ್ದ. ಇದನ್ನು ಕಿಟಕಿಯಿಂದ ಕಂಡ ಹೆಡ್‌ಮಿಸ್ಸು ಒಂದು ದಿನ ಕರೆದು, "ಟ್ರೈನಿಂಗ್ ಮಾಡ್ಕೊಂಡು ಬಾ. ಒಂದನೇ ತರಗತಿ ನಿನಗೇ ಕೊಡ್ತೀನಿ. ಆದ್ರೆ ನೋಡು, ಅದಕ್ಕೆ ಸೇರೋ ವಯಸ್ಸಿನ ಮಿತಿ ನಿನಗೆ ಈ ವರ್ಷಕ್ಕೆ ಮುಗಿಯುತ್ತೆ" ಎಂದರು. ಈ ವರ್ಷ ಇಲ್ಲದಿದ್ದರೆ ಬದುಕಿರುವತನಕ ಮೂಗು ಒರೆಸುತ್ತಿರು ಎಂದು ಅದರ ಅರ್ಥ.

ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಗೆ ಬೇಕಾದ ವಿದ್ಯಾರ್ಹತೆ ಪೇಪರಿನಲ್ಲಿ ಬಂತು. ಹನ್ನೆರಡನೇ ತರಗತಿಯಲ್ಲಿ ಶೇಕಡಾ ಐವತ್ತು ಅಂಕ ಬೇಕು. ನನ್ನದು ಅರವತ್ತು ದಾಟಿತ್ತು. ಹತ್ತನೇ ತರಗತಿಯಲ್ಲಿ ಭಾಷೆ, ಗಣಿತ ತೇರ್ಗಡೆಯಾಗಿರಬೇಕು, ಆಗಿತ್ತು. ಕೊನೆಯಲ್ಲಿ, 'ವಿಜ್ಞಾನದ ಒಂದು ವಿಷಯವನ್ನಾದರೂ ಓದಿರಬೇಕು' ಎಂದಿತ್ತು. ನಾನು ಓದಿದ್ದು ಗೃಹವಿಜ್ಞಾನ. ಹೆಸರಿನಲ್ಲೇ ವಿಜ್ಞಾನ ಇರುವಾಗ ಹೆದರಿಕೆ ಏತಕ್ಕೆ ಎಂದುಕೊಂಡೆ. ಟ್ರಂಕಿನ ತಳದಿಂದ ಅಂಕಪಟ್ಟಿ ತೆಗೆದು, ಧೂಳು ಕೊಡವಿ, ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಎಂದು ಗಂಡನ ಕೈಗೆ ಕೊಟ್ಟೆ. ಅಷ್ಟೇ ನಾನು ಮಾಡಿದ ತಪ್ಪು.

ಜೆರಾಕ್ಸ್ ಅಂಗಡಿಯಲ್ಲಿ ನಡೆದದ್ದನ್ನು ಇವರೇ ಆಮೇಲೆ ಹೇಳಿದರು. ಅಂಗಡಿಯವನಿಗೆ ಗಿರಾಕಿಗಳ ಕಾಗದಗಳನ್ನು ಗಟ್ಟಿಯಾಗಿ ಓದುವ ಚಾಳಿ. ನಾಲ್ಕಾರು ಜನರ ಎದುರಿಗೆ ಅವನು ಕಣ್ಣರಳಿಸಿ, "ಏನ್ರೀ ಇದು, ಗ್ರಹ ವಿಜ್ಞಾನ? ನಿಮ್ಮನೆಯವರು ಗ್ರಹಗಳ ಬಗ್ಗೆ ಓದಿದಾರಾ?" ಎಂದು ಕೇಳಿದನಂತೆ.

"ಹೌದು, ಮತ್ತೇನು" ಎಂದರಂತೆ ನಮ್ಮವರು.

"ಇಷ್ಟು ದಿನ ಹೇಳ್ಲೇ ಇಲ್ಲ ನೀವು."

"ಮನೆ ವಿಷಯ ಬೀದೀಲಿ ಹೇಳ್ಕೊಂಡು ತಿರುಗ್ತಾರಾ?" ಎಂದು ಹೇಳಿ, ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದಿದ್ದಾರೆ.

ನನಗೆ ಇದ್ಯಾವುದೂ ಗೊತ್ತಿಲ್ಲ. ಸಂಜೆ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆ. ಮಹಡಿಯ ಮೇಲಿನ ಮನೆ ಮಾಲೀಕಮ್ಮ ಇಳಿದು ಬಂದರು. ಬಾಡಿಗೆ ದಿನ ಬಿಟ್ಟು ಬೇರೆ ದಿನ ಇಳಿದವರಲ್ಲ. ಕೂತರು, ನಕ್ಕರು, ನನ್ನನ್ನು 'ನೀವು' ಎಂದರು. ಆಗಲೇ ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು.

"ಸುಮ್ನೆ ಒಂದು ಮಾತು ಕೇಳೋಣ ಅಂತ ಬಂದೆ. ನಮ್ಮ ಹುಡುಗ ಬೆಳಿಗ್ಗೆ ಹತ್ತಾದ್ರೂ ಹಾಸಿಗೆ ಬಿಟ್ಟು ಏಳಲ್ಲ. ಯಾವ ಗ್ರಹ ಇರಬಹುದು?"

"ಯಾವ ಗ್ರಹ ಅಂದ್ರೆ?"

"ನೀವು ಓದಿರೋರು. ನಿಮಗೆ ಗೊತ್ತಿರುತ್ತೆ."

ಒಳಗಿನಿಂದ ನಮ್ಮ ಅತ್ತೆ ಮಂಡಿ ಹಿಡಿದುಕೊಂಡು ಬಂದರು. "ನಿನ್ನ ಗಂಡ ಎಲ್ಲಾ ಹೇಳ್ದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ಕೊಂಡು ಈ ವಿದ್ಯೆ ಮುಚ್ಚಿಟ್ಟಿದ್ಯಲ್ಲಮ್ಮಾ. ನನ್ನ ಮಂಡಿ ಯಾಕೆ ಹಿಂಗಿದೆ ಅಂತ ಒಂದು ದಿನ ನೋಡಿ ಹೇಳಕ್ಕಾಗ್ತಿರಲಿಲ್ವಾ?"

ನಾನು ಬಟ್ಟೆ ಬಿಸಾಡಿ ಎದ್ದು ಅಂಕಪಟ್ಟಿ ನೋಡಿದೆ. ಗ್ರಹ ವಿಜ್ಞಾನ, ಎಪ್ಪತ್ತೊಂದು. ಅಂಕ ಬಂದ ದಿನ ಎಪ್ಪತ್ತೊಂದನ್ನೇ ನೋಡಿ ಕುಣಿದಿದ್ದೆ. ಪಕ್ಕದ ಅಕ್ಷರವನ್ನು ಯಾರು ನೋಡುತ್ತಾರೆ? ಆಮೇಲೆ ಮದುವೆಯಾಯಿತು, ಕಾಗದ ಟ್ರಂಕು ಸೇರಿತು. ಅಚ್ಚು ಹಾಕಿದ ಯಾವನೋ ಪುಣ್ಯಾತ್ಮ ಗಕಾರಕ್ಕೆ ವಟ್ರಸುಳಿ ಹಾಕುವ ಬದಲು ರ ಒತ್ತು ಕೊಟ್ಟುಬಿಟ್ಟಿದ್ದ. ಬಾಲ ಒಂದು ಕಡೆ ತಿರುಗಿದರೆ ಮನೆ, ಇನ್ನೊಂದು ಕಡೆ ತಿರುಗಿದರೆ ಶನಿ.

ಇವರು ಬಂದ ಕೂಡಲೇ ಹಿಡಿದುಕೊಂಡೆ.

"ರೀ, ನಾನು ಓದಿದ್ದು ಗೃಹವಿಜ್ಞಾನ. ಮನೆಯ ವಿಜ್ಞಾನ. ಯಾವ ಬಾಯಲ್ಲಿ ಗ್ರಹ ಅಂತ ಸಾರಿಕೊಂಡು ಬಂದ್ರಿ?"

"ಅವನು ಅಷ್ಟು ಜನರ ಮುಂದೆ ಕೇಳ್ದ ಕಣೇ. ಗೊತ್ತಿ... ಹಂಗಂದ್ರೆ ಏನಂದ್ಕೋತಾರೆ? ಹೆಂಡ್ತಿ ಏನು ಓದಿದಾಳೆ ಅನ್ನೋದೂ ತಿಳೀದ ಗಂಡ ಅಂತಾರೆ."

"ತಿಳಿದಿತ್ತಾ ಮತ್ತೆ?"

"ಈಗ ತಿಳೀತಲ್ಲ."

"ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ಒಂದು ದಿನ ಕೇಳಿದೀರಾ?"

"ನೀನು ಹೇಳಿದೀಯಾ?"

ನನಗೆ ಪಿತ್ತ ನೆತ್ತಿಗೇರಿತು. ಊರಿನ ಪ್ರತಿಯೊಂದು ಫ್ಯಾನಿನ ಹೊಟ್ಟೆಯೊಳಗೆ ಯಾವ ಬಣ್ಣದ ತಂತಿ ಇದೆ ಎಂದು ಈ ಮನುಷ್ಯನಿಗೆ ಗೊತ್ತು. ಪಕ್ಕದಲ್ಲಿ ಮಲಗುವ ಹೆಂಡತಿ ಓದಿದ್ದು ಮನೆಯೋ ಮಂಗಳ ಗ್ರಹವೋ ಎಂಬುದು ಜೆರಾಕ್ಸ್ ಅಂಗಡಿಯವನಿಂದ ತಿಳಿಯಬೇಕು. ಅಂದು ರಾತ್ರಿ ಅವರೇ ಅನ್ನ ಬಡಿಸಿಕೊಂಡು ತಿಂದರು.

ಮರುದಿನ ಅರ್ಜಿ ಕೊಡಲು ತರಬೇತಿ ಕಾಲೇಜಿಗೆ ನಾನೇ ಹೊರಟೆ. ಬೇಡ ಎಂದರೂ ಇವರು ಹಿಂದೆಯೇ ಬಂದರು. ಕಿಟಕಿಯ ಆಚೆ ಗುಮಾಸ್ತರು ಕೂತಿದ್ದರು. ಎದುರಿಗಿರುವವರ ಮುಖ ನೋಡದೆ ಕಾಗದದ ಮುಖ ಮಾತ್ರ ನೋಡುವ ಜಾತಿಯವರು. ನನ್ನ ಅಂಕಪಟ್ಟಿಯ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ವಿಜ್ಞಾನದ ವಿಷಯ... ಗ್ರಹ."

"ಗ್ರಹ ಅಲ್ಲ ಸಾರ್, ಗೃಹ" ಎಂದೆ.

"ಅದನ್ನೇ ನಾನೂ ಓದಿದ್ದು. ಗ್ರಹ."

"ಅಲ್ಲ ಸಾರ್. ಗೃ. ಗೃಹ."

"ಹೂನಮ್ಮಾ, ಗ್ರಹ. ಯಾಕೆ ಹತ್ತು ಸಲ ಹೇಳ್ತೀರಿ? ನನಗೆ ಕಿವಿ ಕೇಳಿಸುತ್ತೆ."

"ವಟ್ರಸುಳಿ ಸಾರ್."

"ಸುಳಿಗಿಳಿ ಎಲ್ಲಾ ನನಗೆ ಬೇಡ. ನಿಮ್ಮ ವಿಷಯ ನಮ್ಮ ಪಟ್ಟೀಲಿ ಇದ್ಯಾ ಇಲ್ವಾ ಅಷ್ಟು ಹೇಳಿ."

ಇವರು ನನ್ನ ಭುಜದ ಮೇಲಿಂದ ಕಿಟಕಿಯೊಳಗೆ ತಲೆ ತೂರಿಸಿದರು. "ಆಕಾಶದ ವಿಷಯ ಸಾರ್ ಅದು. ಸೂರ್ಯ, ಚಂದ್ರ, ಎಲ್ಲಾ ಬರುತ್ತೆ. ಬಹಳ ಕಷ್ಟದ ವಿದ್ಯೆ. ನಮ್ಮ ಬೀದೀಲಿ ಇವಳೊಬ್ಬಳೇ."

"ಆಕಾಶ ಅಂದ್ರೆ ಭೌತವಿಜ್ಞಾನ ಮತ್ತು ಸಂಬಂಧಿತ ವಿಷಯಗಳು" ಎಂದು ಗುಮಾಸ್ತರು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ನಾನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಪಕ್ಕದ ಗೋಡೆಯಲ್ಲಿ ಅಂಟಿಸಿದ್ದ ಸೂಚನೆ ಕಣ್ಣಿಗೆ ಬಿತ್ತು. 'ಗೃಹವಿಜ್ಞಾನ, ಸಂಗೀತ ಮತ್ತು ಚಿತ್ರಕಲೆಯನ್ನು ವಿಜ್ಞಾನದ ವಿಷಯಗಳೆಂದು ಪರಿಗಣಿಸಲಾಗುವುದಿಲ್ಲ.' ಅದನ್ನು ನಾನು ಓದಿ ಮುಗಿಸುವುದಕ್ಕೂ ಗುಮಾಸ್ತರ ಠಸ್ಸೆ ದೊಪ್ಪನೆ ಬೀಳುವುದಕ್ಕೂ ಸರಿಹೋಯಿತು. 'ವಿಜ್ಞಾನ: ಇದೆ.'

ಇವರು ನನ್ನ ಕೈಚೀಲ ಹಿಡಿದು ಹೊರಗೆಳೆದುಕೊಂಡು ಬಂದರು. "ನೋಡಿದ್ಯಾ? ನಾನಿಲ್ದಿದ್ರೆ ಇವತ್ತು ನಿನ್ನ ಕತೆ ಮುಗೀತಿತ್ತು" ಎಂದು ಬೀಗಿದರು. ಅದು ನಿಜವಾಗಿದ್ದುದೇ ನನ್ನ ಹೊಟ್ಟೆ ಉರಿಸಿತು. ಯಾರೋ ಎಲ್ಲೋ ಕೂತು, ಸಾವಿರಾರು ಹೆಣ್ಣುಮಕ್ಕಳು ಓದಿ ಪಾಸಾದ ವಿಷಯವನ್ನು ಒಂದು ಸಾಲಿನಲ್ಲಿ ಅಳಿಸಿಹಾಕಿದ್ದರು. ಸಂಗೀತ, ಚಿತ್ರಕಲೆಗಳು ವಿಜ್ಞಾನವೆಂದು ತಾವೇ ಹೇಳಿಕೊಂಡಿರಲಿಲ್ಲ, ಅವುಗಳಿಗೆ ಬೇಸರವಾಗಲಿಕ್ಕಿಲ್ಲ. ನನಗಾಯಿತು. ಸೀಟು ಕೊಡುವ ಮೊದಲು ನಡೆಸುವ ಸಂದರ್ಶನದ ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ತೀರುತ್ತೇನೆ ಎಂದು ಬಸ್ಸಿನಲ್ಲೇ ತೀರ್ಮಾನಿಸಿದೆ.

ಸಂದರ್ಶನಕ್ಕೆ ಇನ್ನೂ ಕೆಲವು ವಾರಗಳಿದ್ದವು. ಅಷ್ಟರಲ್ಲಿ ನಮ್ಮ ಮನೆ ಧರ್ಮಾಸ್ಪತ್ರೆಯಾಯಿತು. ಇವರು ಎಲ್ಲಿ ಫ್ಯಾನ್ ಬಿಚ್ಚಿದರೋ ಅಲ್ಲಿಂದ ಒಬ್ಬರು ಕಷ್ಟ ಹೇಳಿಕೊಂಡು ಬರುತ್ತಿದ್ದರು. ನನಗೆ ಏನೂ ಬರುವುದಿಲ್ಲ ಎಂದರೆ, ಎಷ್ಟು ವಿನಯ ನೋಡಿ ಎಂದು ಇನ್ನಿಬ್ಬರನ್ನು ಕರೆತರುತ್ತಿದ್ದರು. ಕೊನೆಗೆ ಬೈದು ಕಳಿಸಲು ಶುರುಮಾಡಿದೆ. ಅದು ಇನ್ನೂ ಕೆಟ್ಟದಾಯಿತು. ಮಾಲೀಕಮ್ಮ ಮತ್ತೆ ಬಂದು ಮಗನ ಆಲಸ್ಯ ಯಾವಾಗ ಬಿಡುತ್ತದೆ ಎಂದು ಕೇಳಿದಾಗ, "ನೀವು ಕೆಳಗಿನ ಮನೆಗಳಿಗೆ ದಿನಾ ಹೊತ್ತಿಗೆ ಸರಿಯಾಗಿ ನೀರು ಬಿಡೋದು ಕಲಿತ ದಿನ" ಎಂದು ರೇಗಿದೆ. ಅದನ್ನು ಪರಿಹಾರವೆಂದುಕೊಂಡು ಅವರು ಬೆಳಿಗ್ಗೆ ಆರಕ್ಕೇ ಪಂಪು ಹಾಕತೊಡಗಿದರು. ಪಂಪಿನ ಸದ್ದಿಗೆ ಮಗ ಆರಕ್ಕೇ ಎದ್ದು ಕೂರತೊಡಗಿದ. ಅಲ್ಲಿಗೆ ನನ್ನ ಕೀರ್ತಿ ಮೂರು ಬೀದಿ ದಾಟಿತು.

"ಬೈಗುಳದಲ್ಲೇ ಎಲ್ಲಾ ಇರುತ್ತೆ ಅವಳದ್ದು. ಬಿಡಿಸಿ ಅರ್ಥ ಮಾಡ್ಕೋಬೇಕು" ಎಂದು ನಮ್ಮ ಅತ್ತೆ ಬಾಗಿಲಲ್ಲಿ ಕೂತು ಬಂದವರಿಗೆ ತಿಳಿಸಿ ಹೇಳುತ್ತಿದ್ದರು. ಅವರ ಮಂಡಿನೋವಿಗೆ ನಾನು ಹೇಳಿದ್ದು, "ಸುಮ್ನೆ ಕೂತಿದ್ರೆ ಇನ್ನೇನಾಗುತ್ತೆ, ನಾಲ್ಕು ಹೆಜ್ಜೆ ನಡೀರಿ" ಎಂದಷ್ಟೇ. ಈಗ ಗ್ರಹಗಳ ಅಪ್ಪಣೆಯೆಂದು ದಿನಾ ಸಂಜೆ ನಡೆಯುತ್ತಾರೆ. ಡಾಕ್ಟರು ಇದೇ ಮಾತನ್ನು ಮೂರು ವರ್ಷದಿಂದ ಹೇಳುತ್ತಿದ್ದರು. ಪಾಪ, ಅವರು ಓದಿದ್ದು ಬರೀ ವೈದ್ಯಕೀಯ.

ಸಂದರ್ಶನದ ದಿನ ಬಂತು. ಉದ್ದನೆಯ ಮೇಜಿನ ಹಿಂದೆ ಪ್ರಾಂಶುಪಾಲರು, ಅವರ ಬಲಕ್ಕೆ ವಿಜ್ಞಾನದ ಉಪನ್ಯಾಸಕರು, ಮೂಲೆಯಲ್ಲಿ ಕಡತ ತಬ್ಬಿಕೊಂಡು ಅದೇ ಗುಮಾಸ್ತರು. ಹೊರಗಿನ ಬೆಂಚಿನಲ್ಲಿ ಇವರು ಆಗಲೇ ಯಾರಿಗೋ ಚಂದ್ರಗ್ರಹಣ ವಿವರಿಸುತ್ತಿದ್ದುದು ಬಾಗಿಲ ಸಂದಿಯಿಂದ ಕೇಳುತ್ತಿತ್ತು.

ವಿಜ್ಞಾನದವರ ಮುಖದಲ್ಲಿ ಹಬ್ಬದ ಕಳೆ. "ಬನ್ನಿ ಮೇಡಂ. ಇಷ್ಟು ವರ್ಷದಲ್ಲಿ ನಮಗೆ ಸಿಕ್ಕಿರೋ ಮೊದಲನೇ ಗ್ರಹವಿಜ್ಞಾನಿ ನೀವು. ಶನಿಯ ಸುತ್ತ ಇರೋ ಉಂಗುರಗಳು ಯಾವುದರಿಂದ ಆಗಿವೆ, ಹೇಳ್ತೀರಾ?"

"ಗೊತ್ತಿಲ್ಲ ಸಾರ್" ಎಂದೆ. ನಮ್ಮ ಮನೆತನದಲ್ಲಿ ಆ ಮಾತು ಮೊದಲ ಸಲ ಹೊರಟದ್ದು ಅಲ್ಲೇ ಇರಬೇಕು. "ನಾನು ಗ್ರಹ ಓದಿಲ್ಲ. ಅಚ್ಚಿನ ತಪ್ಪು ಅದು. ಅಲ್ಲಿ ವಟ್ರಸುಳಿ ಇರಬೇಕಿತ್ತು. ನಾನು ಓದಿದ್ದು ಮನೆಯ ವಿಜ್ಞಾನ." ಈ ಸಲ ಯಾರ ಕಿವಿಗೂ ತಪ್ಪು ಕೇಳದ ಹಾಗೆ, ಮೇಜಿನ ಮೇಲಿದ್ದ ಕಾಗದದಲ್ಲಿ ಬರೆದೂ ತೋರಿಸಿದೆ.

ವಿಜ್ಞಾನದವರ ಮುಖದ ಹಬ್ಬ ಮುಗಿಯಿತು. ಪ್ರಾಂಶುಪಾಲರು ಕನ್ನಡಕ ತೆಗೆದರು.

"ಅಂದ್ರೆ ಅಡುಗೆ, ಹೊಲಿಗೆ?"

"ಅದೂ ಇತ್ತು."

"ಅಲ್ಲಮ್ಮಾ, ಅದು ವಿಜ್ಞಾನ ಹೇಗಾಗುತ್ತೆ? ಮನೇಲಿ ಎಲ್ಲಾ ಹೆಂಗಸರೂ ಮಾಡ್ತಾರಲ್ಲ. ನಮಗೆ ಬೇಕಾಗಿರೋದು ಮಕ್ಕಳಿಗೆ ಪಾಠ ಮಾಡೋರು."

ಹಲ್ಲು ಕಚ್ಚಿ ಹಿಡಿದಿದ್ದೆ. ಈಗ ಬಾಯಿ ಬಿಟ್ಟೆ.

"ಸಾರ್, ಭೇದಿಯಾಗಿ ಮಗುವಿನ ಕಣ್ಣು ಗುಳಿ ಬಿದ್ರೆ ಏನು ಕುಡಿಸ್ಬೇಕು ಅಂತ ನಾನು ಕಲಿತಿದ್ದು ಅದರಲ್ಲೇ. ಐದು ವರ್ಷದ್ದು ಪೆನ್ಸಿಲನ್ನ ಯಾಕೆ ಮುಷ್ಟೀಲಿ ಹಿಡಿಯುತ್ತೆ, ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದು ಯಾಕೆ ಪಕ್ಕದ್ದನ್ನ ಕಚ್ಚುತ್ತೆ, ಅದೂ ಅದರಲ್ಲೇ ಇತ್ತು. ನಿಮಗೆ ಶನಿಯ ಉಂಗುರ ಗೊತ್ತಿರೋರು ಬೇಕು. ಆಗ್ಲಿ. ಆದ್ರೆ ಒಂದನೇ ತರಗತೀಲಿ ಬಂದು ಕೂರೋದು ಶನಿ ಅಲ್ಲ ಸಾರ್, ಮಕ್ಕಳು. ಅವು ಬರೋದು ಮನೆಯಿಂದ. ಆಕಾಶದಿಂದ ಉದುರಲ್ಲ. ಎಲ್ಲಾ ಹೆಂಗಸರೂ ಮಾಡ್ತಾರೆ ಅಂದ್ರಲ್ಲ, ಎಲ್ಲಾ ಗಂಡಸರ ತಲೆ ಮೇಲೂ ಆಕಾಶ ಇದೆ. ಅವರನ್ನೆಲ್ಲ ವಿಜ್ಞಾನಿ ಅಂತ ಸೇರಿಸ್ಕೊಳ್ತೀರಾ?"

ಪ್ರಾಂಶುಪಾಲರು ತಲೆ ತಗ್ಗಿಸಿದರು. ನನ್ನ ಮಾತು ಅವರ ಮನಸ್ಸಿಗೆ ನಾಟಿತೆಂದು ತಿಳಿಯಬೇಡಿ. ಕೆಂಪು ಪೆನ್ನು ಹುಡುಕುತ್ತಿದ್ದರು, ಅಷ್ಟೇ. ಸಿಕ್ಕಿತು. "ತಿರಸ್ಕರಿಸಲಾಗಿದೆ ಅಂತ ಬರೀರಿ" ಎಂದು ಗುಮಾಸ್ತರ ಕಡೆ ತಿರುಗಿದರು. ಒಂದನೇ ತರಗತಿ ಆ ಪೆನ್ನಿನ ತುದಿಯಲ್ಲಿ ಜಾರಿಹೋಗುವುದನ್ನು ನೋಡುತ್ತಾ ನಿಂತೆ. ಅತ್ತುಬಿಡುತ್ತಿದ್ದೆನೋ ಏನೋ, ಸಿಟ್ಟು ಅಡ್ಡ ನಿಂತಿತ್ತು.

ಗುಮಾಸ್ತರು ಕೆಮ್ಮಿದರು. "ಕಾರಣ ಏನು ಬರೀಲಿ ಸಾರ್?"

"ಗೃಹವಿಜ್ಞಾನ ವಿಜ್ಞಾನವಲ್ಲ ಅಂತ."

"ಅಂಕಪಟ್ಟೀಲಿ ಆ ಹೆಸರೇ ಇಲ್ವಲ್ಲ ಸಾರ್. ಅಲ್ಲಿರೋದು ಗ್ರಹ."

"ಅವರೇ ಹೇಳ್ತಿದ್ದಾರಲ್ರೀ."

"ಬಾಯಿಮಾತನ್ನ ಕಡತಕ್ಕೆ ತಗೋಬಾರ್ದು ಅಂತ ತಾವೇ ಸುತ್ತೋಲೆ ಕಳಿಸಿದ್ದೀರಿ ಸಾರ್. ಸಹಿ ಇದೆ. ನಾಳೆ ತಪಾಸಣೆಗೆ ಬಂದೋರು, ಗ್ರಹ ಓದಿದೋರನ್ನ ಯಾಕೆ ಬಿಟ್ರಿ ಅಂದ್ರೆ ಉತ್ತರ ಕೊಡೋನು ನಾನು. ಪರೀಕ್ಷಾ ಮಂಡಳಿಯಿಂದ ತಿದ್ದುಪಡಿ ಪತ್ರ ಬರೋ ತನಕ ಇವರು ಗ್ರಹಾನೇ."

"ತಿದ್ದುಪಡಿ ಯಾರು ತರ್ಬೇಕು?"

"ಅಭ್ಯರ್ಥಿಯೇ ಅರ್ಜಿ ಹಾಕ್ಬೇಕು ಸಾರ್. ವರ್ಷ ಹಿಡಿಯುತ್ತೆ."

ಪ್ರಾಂಶುಪಾಲರು ತಮ್ಮ ಸುತ್ತೋಲೆಯನ್ನೂ ನನ್ನನ್ನೂ ಒಂದೇ ಥರದ ನೋಟದಿಂದ ನೋಡಿದರು. "ಏನಮ್ಮಾ, ತಿದ್ದುಪಡಿಗೆ ಅರ್ಜಿ ಹಾಕ್ತೀರಾ?"

"ಇಲ್ಲ ಸಾರ್. ನನಗೆ ಸಿಟ್ಟು ಬಂದಿದೆ. ಹುಚ್ಚು ಹಿಡಿದಿಲ್ಲ."

ಹೀಗೆ, ನಿಜ ಹೇಳಿದ್ದನ್ನು ಯಾರೂ ನಂಬಬಾರದೆಂಬ ನಿಯಮದ ಕೃಪೆಯಿಂದ ನನಗೆ ಸೀಟು ಸಿಕ್ಕಿತು. ಮನೆ ಓದಿದವಳೆಂದು ಬಾಗಿಲು ಹಾಕಿ, ಗ್ರಹ ಓದಿದವಳೆಂದು ಅದೇ ಬಾಗಿಲು ತೆಗೆದರು. ಹೊರಗೆ ಬಂದರೆ ಇವರು ಬೆಂಚಿನಿಂದ ಎದ್ದು, "ಸಿಕ್ತಾ? ನಾನು ಹೇಳ್ಲಿಲ್ವಾ?" ಎಂದರು. ಮನೆ ತಲುಪುವತನಕ ನಾನು ಬಸ್ಸಿನ ಮುಂದಿನ ಸೀಟಿನಲ್ಲಿ, ಅವರು ಹಿಂದಿನ ಸೀಟಿನಲ್ಲಿ.

ತರಬೇತಿ ಶುರುವಾಯಿತು. ಕಾಲೇಜಿಗೆ ಸೇರಿದ ಶಾಲೆಯ ಒಂದನೇ ತರಗತಿಯಲ್ಲಿ ನಾವು ಒಬ್ಬೊಬ್ಬರಾಗಿ ಪಾಠ ಮಾಡಿ ತೋರಿಸಬೇಕು. ನನ್ನ ಸರದಿಯ ದಿನ ವಿಜ್ಞಾನದ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಆ ಕೋಣೆಯ ಫ್ಯಾನು ಕೆಟ್ಟಿತ್ತು. ಊರಿನ ಫ್ಯಾನು ಕೆಟ್ಟರೆ ಯಾರನ್ನು ಕರೆಸುತ್ತಾರೆ? ನಾನು ಬಾಗಿಲು ತೆಗೆದು ಒಳಗೆ ಹೋದಾಗ ನಮ್ಮವರು ಆಗಲೇ ಏಣಿಯ ತುದಿಯಲ್ಲಿದ್ದರು.

"ತುಟಿ ಬಿಚ್ಚಬಾರ್ದು" ಎಂದು ಮೆಲ್ಲಗೆ ಹೇಳಿ ಬೋರ್ಡಿನ ಕಡೆ ತಿರುಗಿದೆ. ಯಾವ ಪಾಠ ಬೇಕಾದರೂ ಮಾಡಬಹುದಿತ್ತು. ಕೈ ತಾನಾಗಿ ಎರಡು ಪದ ಬರೆಯಿತು, ಗೃಹ, ಗ್ರಹ. ಇವೆರಡರಲ್ಲಿ ಏನು ವ್ಯತ್ಯಾಸ ಕಾಣುತ್ತದೆ ಎಂದು ಮಕ್ಕಳನ್ನು ಕೇಳಿದೆ.

"ಎರಡೂ ಒಂದೇ" ಎಂದು ಮೇಲಿನಿಂದ ಉತ್ತರ ಬಂತು.

"ಎರಡೂ ಒಂದೇ" ಎಂದು ಇಡೀ ತರಗತಿ ರಾಗವಾಗಿ ಕೂಗಿತು. ಉಪನ್ಯಾಸಕರು ಪೆನ್ನು ತೆಗೆದು ಏನೋ ಬರೆದುಕೊಂಡರು.

"ಇಳೀರಿ ಕೆಳಗೆ" ಎಂದೆ. ನನ್ನ ದನಿಗೆ ಮಕ್ಕಳೆಲ್ಲ ನೆಟ್ಟಗೆ ಕೂತವು. ಇವರು ಇಳಿದರು. ಮುಂದಿನ ಪುಟ್ಟ ಬೆಂಚು ತೋರಿಸಿದೆ. ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತರು. ಸ್ಲೇಟು ಕೊಟ್ಟೆ. ಎಲ್ಲರಿಗೂ ಕಾಣುವಂತೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ತಿದ್ದಿದೆ. ಈ ಸುಳಿ ಬಂದರೆ ಮನೆ. ಈ ಒತ್ತು ಬಂದರೆ ಆಕಾಶದಲ್ಲಿ ತಿರುಗುವುದು. ಮಕ್ಕಳು ಬರೆದವು. ಇವರೂ ನಾಲಿಗೆ ಹೊರಗಿಟ್ಟುಕೊಂಡು ಬರೆದರು, ಅಳಿಸಿದರು, ಮತ್ತೆ ಬರೆದರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ವಟ್ರಸುಳಿ ಸರಿಯಾಗಿ ಬಂದಿತ್ತು.

ಸ್ಲೇಟಿನಿಂದ ಕಣ್ಣು ತೆಗೆಯದೆ, ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಇವರು, "ಅಲ್ಲ ಕಣೇ, ಈ ಗೃಹವಿಜ್ಞಾನದಲ್ಲಿ ನಿಮಗೆ ಏನೇನು ಕಲಿಸ್ತಿದ್ರು? ನಂಗೆ ಗೊತ್ತಿಲ್ಲ" ಎಂದರು.

ಹದಿನಾಲ್ಕು ವರ್ಷದ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ.

"ತರಗತೀಲಿ ಏನಾದ್ರೂ ಕೇಳ್ಬೇಕಿದ್ರೆ ಕೈ ಎತ್ಬೇಕು" ಎಂದೆ.

ಇವರು ಕೈ ಎತ್ತಿದರು. ಸ್ಕ್ರೂಡ್ರೈವರ್ ಇನ್ನೂ ಅದರಲ್ಲೇ ಇತ್ತು.